ಹಳೆ ಬೇಸ್ ಗಿಟಾರ್‌ಗೆ ಹೊಸ ತಂತಿ ಹಾಕಿದ ಮೇಲೆ ಝರ್ ಅಂದರೆ: ಎಲ್ಲಿ ನೋಡಬೇಕು, ಏನು ಮುಟ್ಟಬಾರದು

ಹಳೆ ಬೇಸ್ ಗಿಟಾರ್‌ಗೆ ತಂತಿ ಬದಲಿಸಿದವರ ಫೋನ್ ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ. "ಅಣ್ಣಾ, ಹೊಸ ತಂತಿ ಹಾಕೀನ್ರಿ. ಮೊದ್ಲು ಚಲೋ ಇತ್ತು, ಈಗ ಬರೇ ಝರ್ ಝರ್ ಅನ್ಲಾಕತ್ತದ. ರಾಡ್ ತಿರುವ್ಲೇನ್ರಿ?" ಕಲಬುರಗಿಯ ಮದುವೆ ಆರ್ಕೆಸ್ಟ್ರಾ ಹುಡುಗರಿರಲಿ, ಬೀದರ್‌ನ ಮಂಗಲಪೇಟೆಯ ಚರ್ಚ್ ಕಡೆಯವರಿರಲಿ, ಪ್ರಶ್ನೆ ಇದೇ. ನನ್ನ ಉತ್ತರವೂ ಒಂದೇ. ಸದ್ಯಕ್ಕೆ ರಾಡ್ (ನೆಕ್ ಅಂದರೆ ಬೆರಳೊತ್ತುವ ಉದ್ದ ಹಿಡಿ, ಅದರ ಒಳಗಿದ್ದು ಬಾಗು ತಿದ್ದುವ ಟ್ರಸ್ ರಾಡ್) ಮುಟ್ಟಬೇಡಿ. ಯಾವ ತಂತಿ, ಯಾವ ಫ್ರೆಟ್ (ನೆಕ್ ಮೇಲಿನ ಅಡ್ಡ ಲೋಹದ ಪಟ್ಟಿ) ಅಂತ ಮೊದಲು ಹೇಳಿ.

ಝರ್ ಅನ್ನುವ ಜಾಗ ಗೊತ್ತಾದರೆ ಕಾರಣ ಅರ್ಧ ಸಿಕ್ಕಂತೆ. ಜಾಗ ನೋಡದೆ ರಾಡ್ ತಿರುಗಿಸಿದರೆ ಇದ್ದ ದೋಷವೂ ಉಳಿಯುತ್ತದೆ, ಇನ್ನೊಂದು ಹೊಸದೂ ಸೇರುತ್ತದೆ. ಕೆಲಸಕ್ಕೆ ಒಂದು ಸರದಿ ಇದೆ. ಮೊದಲು ತಂತಿ, ಆಮೇಲೆ ಶ್ರುತಿ, ನೆಕ್‌ನ ಬಾಗು, ತಂತಿಯ ಎತ್ತರ, ನಟ್ (ನೆಕ್‌ನ ಮೇಲ್ತುದಿಯಲ್ಲಿ ತಂತಿಗಳು ಹಾಯುವ ಪಟ್ಟಿ), ಇಂಟೊನೇಶನ್ (ಮೇಲಿನ ಫ್ರೆಟ್‌ಗಳಲ್ಲೂ ಸ್ವರ ಸರಿ ಇರುವುದು), ಕಡೆಗೆ ಪಿಕಪ್ (ತಂತಿಯ ಅದುರುವಿಕೆ ಹಿಡಿಯುವ ಅಯಸ್ಕಾಂತದ ಭಾಗ). ಇದರಲ್ಲಿ ಮುಂಚಿನ ಒಂದನ್ನು ಬದಲಿಸಿದರೆ ಅದರ ನಂತರದವೆಲ್ಲ ಅಲುಗುತ್ತವೆ. ಹಿಂದುಮುಂದು ಮಾಡಿದರೆ ಮಾಡಿದ ಕೆಲಸವನ್ನೇ ಮತ್ತೆ ಮಾಡಬೇಕಾಗುತ್ತದೆ.

ಸಾಮಾನು ಜಾಸ್ತಿ ಬೇಡ. ಬೈಕ್ ಮೆಕ್ಯಾನಿಕ್‌ಗಳು ಟ್ಯಾಪೆಟ್ ಸೆಟ್ ಮಾಡಲು ಇಟ್ಟುಕೊಳ್ಳುವ ಫಿಲ್ಲರ್ ಗೇಜ್ (ಸಂದು ಅಳೆಯುವ ತೆಳು ಸ್ಟೀಲ್ ಎಲೆಗಳ ಗೊಂಚಲು) ಒಂದು. ಕಲಬುರಗಿಯ ಸೂಪರ್ ಮಾರ್ಕೆಟ್ ಪೇಟೆ ಕಡೆ ಯಾವುದಾದರೂ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಕೇಳಿ, ಸಿಗುತ್ತದೆ. ಅರ್ಧ ಮಿಲಿಮೀಟರ್ ಗೆರೆ ಇರುವ ಸ್ಟೀಲ್ ಸ್ಕೇಲ್, ತಂತಿಗಳನ್ನು ಫ್ರೆಟ್‌ಗೆ ಒತ್ತಿ ಹಿಡಿಯುವ ಒಂದು ಕ್ಯಾಪೊ, ಹೆಡ್‌ಗೆ (ಕೀಗಳಿರುವ ನೆಕ್ ತುದಿಗೆ) ಕಚ್ಚಿಸುವ ಕ್ಲಿಪ್ ಟ್ಯೂನರ್. ಅಲೆನ್ ಕೀ ಮಾತ್ರ ಎರಡು ಸೆಟ್ ಬೇಕು, ಮಿಲಿಮೀಟರಿನದು ಒಂದು, ಇಂಚಿನದು ಒಂದು. ಯಾಕೆ ಅನ್ನೋದು ಮುಂದೆ ಬರುತ್ತದೆ.

ಮೊದಲು ತಂತಿಯನ್ನೇ ಅನುಮಾನಿಸಿ

ಬೇಸ್ ನಿನ್ನೆ ಸರಿ ಇತ್ತು, ಇವತ್ತು ಬದಲಾಗಿದ್ದು ತಂತಿ ಒಂದೇ. ಹಾಗಾದರೆ ಹುಡುಕಾಟವೂ ಅಲ್ಲಿಂದಲೇ ಶುರುವಾಗಬೇಕು, ಅಲ್ವಾ?

ಟೇಪ್ ತೆಗೆದುಕೊಂಡು ನಟ್‌ನಿಂದ 12ನೇ ಫ್ರೆಟ್‌ವರೆಗೆ ಅಳೆಯಿರಿ. 17 ಇಂಚು ಬಂದರೆ ಅದು 34 ಇಂಚಿನ ಉದ್ದ ಸ್ಕೇಲ್. 1951ರಲ್ಲಿ ಫೆಂಡರ್ ಕಂಪನಿ ತಂದ ಪ್ರಿಸಿಷನ್ ಬೇಸ್‌ನ ಅಳತೆ ಇದೇ. ಈಗಲೂ ಹೆಚ್ಚಿನವು ಇದನ್ನೇ ಅನುಸರಿಸುತ್ತವೆ. 15 ಇಂಚು ಬಂದರೆ ನಿಮ್ಮದು 30 ಇಂಚಿನ ಗಿಡ್ಡ ಸ್ಕೇಲ್. ಅಂಗಡಿಯಲ್ಲಿ ಸುಮ್ನೆ "ಬೇಸ್ ತಂತಿ ಕೊಡಿ" ಅಂದರೆ ಕೈಗೆ ಬರುವುದು ಉದ್ದ ಸ್ಕೇಲಿನ ಸೆಟ್. ಅದನ್ನು ಗಿಡ್ಡ ಬೇಸ್‌ಗೆ ಹಾಕಿದರೆ ತುದಿಯ ಸಪೂರ ಭಾಗದ ಬದಲು ದಪ್ಪ ಭಾಗವೇ ಶ್ರುತಿ ಕೀಯ ಪೋಸ್ಟ್‌ಗೆ ಸುತ್ತಿಕೊಳ್ಳುತ್ತದೆ. ದಪ್ಪ ತಂತಿ ಅಲ್ಲಿ ಸರಿಯಾಗಿ ಬಗ್ಗುವುದಿಲ್ಲ. ಶ್ರುತಿ ನಿಲ್ಲುವುದಿಲ್ಲ. ಕೆಲವು ಸಲ ಸುತ್ತು ಬಿರಿದು ತುಂಡೂ ಆಗುತ್ತದೆ. ತಂತಿಯ ತುದಿಯಲ್ಲಿ ಬಣ್ಣದ ದಾರ ಸುತ್ತಿರುತ್ತಾರಲ್ಲ, ಅದು ನಟ್ ದಾಟಿದ ಮೇಲೆ ಶುರುವಾಗಬೇಕು. ಬ್ರಿಡ್ಜ್ (ದೇಹದ ಮೇಲೆ ತಂತಿ ಸಿಕ್ಕಿಸುವ ಲೋಹದ ಭಾಗ) ಕಡೆಯೂ ದಾರ ಇದ್ದರೆ ಅದು ಸ್ಯಾಡಲ್ (ಬ್ರಿಡ್ಜ್‌ನಲ್ಲಿ ಪ್ರತಿ ತಂತಿ ಕೂರುವ ತುಂಡು) ಮೇಲೆ ಬಂದು ಕೂತಿರಬಾರದು. ದಾರದ ಮೇಲೆ ನುಡಿಯುವ ತಂತಿ ಮಂಕಾಗಿರುತ್ತದೆ.

ಆಮೇಲೆ ದಪ್ಪ. ಪ್ಯಾಕೆಟ್ ಮೇಲೆ 45-65-85-105 ಅಂತ ಇರುತ್ತದೆ. ಇವು ಇಂಚಿನ ಸಾವಿರದ ಒಂದು ಭಾಗದ ಲೆಕ್ಕ. 105 ಅಂದರೆ ಸುಮಾರು 2.67 ಮಿಲಿಮೀಟರ್. ಹಳೆ ಪ್ಯಾಕೆಟ್ ಎಸೆದಿದ್ದರೆ ಬಿಚ್ಚಿದ ಹಳೆ ತಂತಿಯನ್ನೇ ವರ್ನಿಯರ್‌ನಲ್ಲಿ ಅಳೆಯಿರಿ. ಅದಕ್ಕೇ ನಾನು ಹೇಳುವುದು, ಹೊಸದು ಸರಿಯಾಗಿ ನುಡಿಯುವವರೆಗೆ ಹಳೆಯದನ್ನು ಕಸಕ್ಕೆ ಹಾಕಬೇಡಿ. ಶ್ರುತಿಗೆ ಏರಿಸಿದಾಗ ನಾಲ್ಕು ತಂತಿ ಸೇರಿ ನೆಕ್ ಅನ್ನು 70ರಿಂದ 80 ಕೆಜಿ ಆಸುಪಾಸಿನ ಬಲದಲ್ಲಿ ಎಳೆಯುತ್ತವೆ. 105ರ ಸೆಟ್ ತೆಗೆದು 95ರದ್ದು ಹಾಕಿದರೆ ಈ ಎಳೆತ ಕಮ್ಮಿಯಾಗುತ್ತದೆ. ಒಳಗಿನ ಟ್ರಸ್ ರಾಡ್ ಮಾತ್ರ ಹಳೆ ಎಳೆತಕ್ಕೇ ಬಿಗಿಯಾಗಿರುತ್ತದೆ. ಹಾಗಾಗಿ ನೆಕ್ ಹಿಂದಕ್ಕೆ ವಾಲುತ್ತದೆ, ಮೊದಲ ಫ್ರೆಟ್‌ಗಳಲ್ಲಿ ಝರ್ ಶುರುವಾಗುತ್ತದೆ. ದಪ್ಪ ಸೆಟ್ ಹಾಕಿದರೆ ಉಲ್ಟಾ: ನೆಕ್ ಮುಂದಕ್ಕೆ ಬಾಗುತ್ತದೆ, ತಂತಿ ಎತ್ತರ ಏರುತ್ತದೆ, ಬೆರಳು ನೋಯುತ್ತದೆ. ಗಾಯಕರಿಗೆ ಅನುಕೂಲ ಅಂತ ಇಡೀ ಬ್ಯಾಂಡ್ ಅರ್ಧ ಸ್ವರ ಕೆಳಗೆ ಶ್ರುತಿ ಇಟ್ಟುಕೊಂಡರೂ ಎಳೆತ ಇಳಿಯುತ್ತದೆ. ತಂತಿ ಅದೇ, ಶ್ರುತಿ ಬೇರೆ, ಫಲ ಮಾತ್ರ ಸಪೂರ ತಂತಿಯದೇ. ನೀವು ಯಾವ ಶ್ರುತಿಯಲ್ಲಿ ನುಡಿಸುತ್ತೀರೋ ಆ ಶ್ರುತಿಯಲ್ಲೇ ಸೆಟ್ಟಿಂಗ್ ಮಾಡಬೇಕು.

ಹಾಕುವಾಗಲೂ ಎಡವಟ್ಟಾಗುತ್ತದೆ. ತಂತಿಯನ್ನು ಪೋಸ್ಟ್ ದಾಟಿಸಿ 10ರಿಂದ 12 ಸೆಂಟಿಮೀಟರ್ ಬಿಟ್ಟು, ಅಲ್ಲಿ ಪಕ್ಕಡದಿಂದ ಲಂಬವಾಗಿ ಬಗ್ಗಿಸಿ, ಆಮೇಲೆ ಕತ್ತರಿಸಿ. ಬಗ್ಗಿಸದೆ ಕತ್ತರಿಸಿದರೆ ಕೆಲವು ತಂತಿಗಳ ಹೊರಸುತ್ತು ಒಳಗಿನ ಕಂಬಿಯ ಮೇಲೆ ಸಡಿಲವಾಗಿ ಬಿಡುತ್ತದೆ. ಆ ತಂತಿ ಹೊಸದಾದರೂ ಸತ್ತ ತಂತಿಯೇ. ಸುತ್ತುವಾಗ ತಂತಿ ತನ್ನ ಸುತ್ತಲೇ ತಿರುಚಿಕೊಂಡರೂ ಇದೇ ಕಥೆ. ಒಂದು ಸ್ವರ ನುಡಿಸಿದರೆ ಎರಡು ಕೇಳಿದ ಹಾಗಿರುತ್ತದೆ. ಸಡಿಲ ಮಾಡಿ, ಕೀ ಕಡೆಯ ತುದಿ ಬಿಡಿಸಿ, ತಂತಿ ತಾನಾಗಿ ತಿರುಗಿ ನೆಟ್ಟಗಾಗಲು ಬಿಡಿ. ಮತ್ತೆ ಸುತ್ತಿ. ಎರಡು ಮೂರು ಸುತ್ತು ಸಾಕು. ಪ್ರತಿ ಸುತ್ತೂ ಹಿಂದಿನದರ ಕೆಳಗೆ ಬರಬೇಕು.

ಈ ಕೆಳಗೆ ಬರಬೇಕು ಅನ್ನೋದು ಎ ತಂತಿಗೆ (ದಪ್ಪದಿಂದ ಸಪೂರಕ್ಕೆ ತಂತಿಗಳು ಇ, ಎ, ಡಿ, ಜಿ) ತುಂಬಾ ಮುಖ್ಯ. ಫೆಂಡರ್ ರೂಪದ ಹೆಡ್‌ನಲ್ಲಿ ಡಿ ಮತ್ತು ಜಿ ತಂತಿಗಳನ್ನು ಒಂದು ಚಿಕ್ಕ ಬಿಲ್ಲೆ ಕೆಳಕ್ಕೆ ಒತ್ತಿ ಹಿಡಿದಿರುತ್ತದೆ. ಎ ತಂತಿಗೆ ಆ ಆಸರೆ ಇರುವುದಿಲ್ಲ. ಪೋಸ್ಟ್‌ನ ಮೇಲ್ತುದಿಯಲ್ಲಿ ಒಂದೇ ಸುತ್ತು ಸುತ್ತಿ ಬಿಟ್ಟರೆ ಅದು ನಟ್ ಮೇಲೆ ಬಹುತೇಕ ಸಮತಟ್ಟಾಗಿ ಹಾಯುತ್ತದೆ. ನಟ್‌ನ ಗಾಡಿಯಲ್ಲಿ, ಅಂದರೆ ತಂತಿ ಕೂರುವ ಗೀರಿನಲ್ಲಿ, ಒತ್ತಿ ಕೂರುವುದಿಲ್ಲ. ಖಾಲಿ ತಂತಿ ನುಡಿಸಿದರೆ ಝರ್ ಅನ್ನುತ್ತದೆ, ಯಾವ ಫ್ರೆಟ್ ಒತ್ತಿದರೂ ಸರಿ ಇರುತ್ತದೆ. ಇದಕ್ಕೆ ನಟ್ ಬದಲಿಸಿದವರೂ ಇದ್ದಾರೆ. ಎರಡು ಸುತ್ತು ಕೆಳಗೆ ಸುತ್ತಿದ್ದರೆ ಮುಗಿದುಹೋಗುತ್ತಿತ್ತು.

ಕೊನೆಯದಾಗಿ, ಹೊಸ ತಂತಿ ಗಟ್ಟಿ. ಸ್ಯಾಡಲ್ ಮೇಲೆ ಮತ್ತು ನಟ್ ಮೇಲೆ ಅದು ಥಟ್ಟನೆ ಬಗ್ಗುವುದಿಲ್ಲ, ಕಮಾನಾಗಿ ಹಾಯುತ್ತದೆ. ಎರಡೂ ಕಡೆ, ನುಡಿಯುವ ಭಾಗದ ಕಡೆಯಿಂದ, ಹೆಬ್ಬೆರಳಿನಿಂದ ಒಮ್ಮೆ ಮೆತ್ತಗೆ ಒತ್ತಿ. ಚೂಪಾಗಿ ಬಗ್ಗಿ ಕೂರುತ್ತದೆ. ಅರ್ಧ ನಿಮಿಷದ ಕೆಲಸ. ಎಷ್ಟೋ ಸಲ ಝರ್ ಅಲ್ಲೇ ನಿಲ್ಲುತ್ತದೆ. ಆಮೇಲೆ ಪ್ರತಿ ತಂತಿಯನ್ನೂ 12ನೇ ಫ್ರೆಟ್ ಹತ್ತಿರ ಬೆರಳಲ್ಲಿ ಸ್ವಲ್ಪ ಎಳೆದು ಬಿಡಿ, ಮತ್ತೆ ಶ್ರುತಿ ಮಾಡಿ. ಶ್ರುತಿ ಇಳಿಯುವುದು ನಿಂತ ಮೇಲೆ ಬೇಸ್ ಅನ್ನು ಒಂದು ರಾತ್ರಿ ಹಾಗೇ ಬಿಡಿ. ಹಳೆ ಮರ ಹೊಸ ಎಳೆತಕ್ಕೆ ಹೊಂದಿಕೊಳ್ಳಲಿ. ಸಂಜೆ ಕಾರ್ಯಕ್ರಮ ಇಟ್ಟುಕೊಂಡು ಮಧ್ಯಾಹ್ನ ತಂತಿ ಬದಲಿಸುವುದು ಯಾಕೆ ಬೇಕು ಹೇಳಿ?

ಝರ್ ಎಲ್ಲಿ ಬರುತ್ತಿದೆ

ಸಂಗೀತ ಕಛೇರಿಯ ತಂಬೂರಿಯಲ್ಲಿ ಜವಾರಿ (ಝೇಂಕಾರ) ಬೇಕು ಅಂತಲೇ ತಂತಿಯ ಕೆಳಗೆ ದಾರ ಇಡುತ್ತಾರೆ. ತಂತಿ ಬ್ರಿಡ್ಜ್ ಅನ್ನು ಸವರಿಕೊಂಡೇ ನುಡಿಯಬೇಕು ಅಲ್ಲಿ. ಬೇಸ್‌ನಲ್ಲಿ ಅದೇ ಸವರುವಿಕೆ ಫ್ರೆಟ್ ಮೇಲೆ ಆದರೆ ದೋಷ. ತಂತಿ ಯಾವ ಫ್ರೆಟ್ ಅನ್ನು ಸವರುತ್ತಿದೆ ಅನ್ನೋದೊಂದೇ ಪ್ರಶ್ನೆ.

ಮೊದಲು ಆಂಪ್ ಆಫ್ ಮಾಡಿ ನುಡಿಸಿ, ಆಮೇಲೆ ಆನ್ ಮಾಡಿ ನುಡಿಸಿ. ಆಫ್ ಇದ್ದಾಗ ಮಾತ್ರ ಸಣ್ಣ ಚರಚರ ಕೇಳಿ, ಆಂಪ್‌ನಲ್ಲಿ ಏನೂ ಬರದಿದ್ದರೆ ಅದನ್ನು ದೋಷ ಅಂತ ನಾನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಎತ್ತರ ಕಮ್ಮಿ ಇಟ್ಟುಕೊಂಡ ಬೇಸ್‌ನಲ್ಲಿ ಅಷ್ಟು ಇದ್ದೇ ಇರುತ್ತದೆ. ಹೊಸ ತಂತಿಯ ಲೋಹದ ಹೊಳಪಿನ ಸದ್ದನ್ನೇ ಝರ್ ಅಂತ ತಿಳಿದುಕೊಳ್ಳುವವರೂ ಇದ್ದಾರೆ. ವರ್ಷಗಟ್ಟಲೆ ಮಾಸಿದ ತಂತಿ ಕೇಳಿದ ಕಿವಿಗೆ ಅದು ಹೊಸದು, ಅಷ್ಟೇ.

ಆಂಪ್‌ನಲ್ಲೂ ಕೇಳಿದರೆ ಒಂದೊಂದೇ ತಂತಿ, ಒಂದೊಂದೇ ಫ್ರೆಟ್ ಒತ್ತುತ್ತಾ ಹೋಗಿ. ಕಾಗದದಲ್ಲಿ ಗುರುತು ಹಾಕಿ. ಖಾಲಿ ತಂತಿಯಲ್ಲಿ ಮಾತ್ರ ಬಂದರೆ ನಟ್ ನೋಡಬೇಕು, ಅಥವಾ ಮೇಲೆ ಹೇಳಿದ ಸುತ್ತು. 1ರಿಂದ 5ನೇ ಫ್ರೆಟ್‌ವರೆಗೆ ಬಂದು ಮುಂದೆ ಶುದ್ಧವಾಗಿದ್ದರೆ ನೆಕ್‌ಗೆ ಬೇಕಾದಷ್ಟು ಬಾಗು ಇಲ್ಲ, ತೀರಾ ನೆಟ್ಟಗಾಗಿದೆ ಅಥವಾ ಹಿಂದಕ್ಕೆ ವಾಲಿದೆ. 12ನೇ ಫ್ರೆಟ್ ದಾಟಿದ ಮೇಲೆ ಮಾತ್ರ ಬಂದರೆ ತಂತಿ ತಗ್ಗಿದೆ, ಇಲ್ಲವೇ ಬಾಗು ಅತಿಯಾಗಿದೆ. ಎಲ್ಲಾ ಕಡೆ ಸಮವಾಗಿ ಬಂದರೆ ಸ್ಯಾಡಲ್ ಇಳಿದಿದೆ, ಅದಕ್ಕೆ ರಾಡ್‌ನ ಸಂಬಂಧವಿಲ್ಲ.

ಒಂದೇ ಒಂದು ಫ್ರೆಟ್‌ನಲ್ಲಿ ಬಂದರೆ? ಉದಾಹರಣೆಗೆ 7ರಲ್ಲಿ ಒತ್ತಿದಾಗ ಮಾತ್ರ. ಆಗ ಸಾಮಾನ್ಯವಾಗಿ 8ನೇ ಫ್ರೆಟ್ ಎದ್ದಿರುತ್ತದೆ. ಹಳೆ ಎಟಿಎಂ ಕಾರ್ಡ್‌ನ ನೇರ ಅಂಚನ್ನು 7, 8, 9 ಮೂರರ ಮೇಲೆ ಒಟ್ಟಿಗೆ ಇಟ್ಟು ಅಲುಗಿಸಿ. ತೊಟ್ಟಿಲಾಡಿದರೆ ನಡುವಿನದು ಎತ್ತರ. ಮರದ ತುಂಡಿನಿಂದ ಆ ಫ್ರೆಟ್ ಒತ್ತಿ ಹಿಡಿದು ತಂತಿ ನುಡಿಸಿ. ಆಗ ಝರ್ ಹೋದರೆ ಫ್ರೆಟ್ ಮರದಿಂದ ಸಡಿಲವಾಗಿ ಎದ್ದಿದೆ ಅಂತ ಅರ್ಥ. ನಮ್ಮ ಕಡೆಯ ಬೇಸಿಗೆಯಲ್ಲಿ ಇದು ಆಗುವಂಥದ್ದೇ. ಮರ ಒಣಗಿ ಕುಗ್ಗುತ್ತದೆ, ಫ್ರೆಟ್‌ನ ಲೋಹ ಕುಗ್ಗುವುದಿಲ್ಲ. ನೆಕ್‌ನ ಅಂಚಿಗೆ ಕೈ ಸವರಿದರೆ ಫ್ರೆಟ್ ತುದಿಗಳು ಚುಚ್ಚುತ್ತವೆಯಲ್ಲ, ಅದೂ ಇದೇ ಕಾರಣಕ್ಕೆ.

ಇನ್ನೊಂದು, ಝರ್ ಅಲ್ಲದ ದೋಷ. ಜಿ ತಂತಿಯಲ್ಲಿ 5ರಿಂದ 7ನೇ ಫ್ರೆಟ್ ನಡುವೆ ಎಲ್ಲೋ ಒಂದು ಕಡೆ ಸ್ವರ ಬೇಗ ಸತ್ತುಹೋಗುತ್ತದೆ. ಫೆಂಡರ್ ರೂಪದ ಬೇಸ್‌ಗಳಲ್ಲಿ ಇದು ಹುಟ್ಟುಗುಣ. ಆ ಸ್ವರಕ್ಕೆ ನೆಕ್ ತಾನೇ ಅದುರಿ ತಂತಿಯ ಶಕ್ತಿ ನುಂಗುತ್ತದೆ. ತಂತಿ, ರಾಡ್, ಸ್ಯಾಡಲ್ ಯಾವುದರಿಂದಲೂ ಪೂರ್ತಿ ಹೋಗುವುದಿಲ್ಲ. ಅದೇ ಸ್ವರವನ್ನು ಡಿ ತಂತಿಯಲ್ಲಿ ಮೇಲೆ ಹಿಡಿಯಿರಿ, ಅದರ ಹಿಂದೆ ಬಿದ್ದು ದುಡ್ಡು ಕಳೆಯಬೇಡಿ.

ಫ್ರೆಟ್‌ಗೆ ಸಂಬಂಧವೇ ಇಲ್ಲದ ಸದ್ದುಗಳೂ ಇವೆ. ಸ್ಯಾಡಲ್‌ನ ಎರಡು ಸಣ್ಣ ಸ್ಕ್ರೂಗಳಲ್ಲಿ ಒಂದು ಬ್ರಿಡ್ಜ್ ಪ್ಲೇಟ್ ಮುಟ್ಟದೆ ತೇಲುತ್ತಿರುವುದು, ಕೀ ಹಿಂದಿನ ಸ್ಕ್ರೂ ಸಡಿಲ, ವಾಲ್ಯೂಮ್ ಗುಂಡಿ ಸಡಿಲ, ಬೆಲ್ಟ್ ಸಿಕ್ಕಿಸುವ ಗುಬ್ಬಿ ಸಡಿಲ. ಒಬ್ಬರು ನುಡಿಸುತ್ತಿರಲಿ, ಇನ್ನೊಬ್ಬರು ಒಂದೊಂದಾಗಿ ಬೆರಳಿಟ್ಟು ನೋಡಲಿ. ಯಾವುದನ್ನು ಮುಟ್ಟಿದಾಗ ಸದ್ದು ನಿಂತಿತೋ ಅದೇ ಕಳ್ಳ.

ಬಾಗು ಅಳೆಯದೆ ರಾಡ್ ತಿರುಗಿಸಬೇಡಿ

ಬೇಸ್‌ನ ನೆಕ್ ಪೂರ್ತಿ ನೆಟ್ಟಗಿರಬಾರದು. ತಂತಿ ನಡುವಿನಲ್ಲಿ ಅಗಲವಾಗಿ ಅದುರುತ್ತದೆ, ಅದಕ್ಕೆ ಜಾಗ ಬೇಕು. ಅಳೆಯುವುದು ಹೀಗೆ. ಶ್ರುತಿ ಮಾಡಿ. ಬೇಸ್ ಅನ್ನು ನುಡಿಸುವ ಭಂಗಿಯಲ್ಲೇ ಹಿಡಿಯಿರಿ. ಮಂಚದ ಮೇಲೆ ಮಲಗಿಸಿದರೆ ನೆಕ್‌ನ ತೂಕವೇ ಅಳತೆ ಕೆಡಿಸುತ್ತದೆ. 1ನೇ ಫ್ರೆಟ್‌ಗೆ ಕ್ಯಾಪೊ ಹಾಕಿ. ಇ ತಂತಿಯನ್ನು ನೆಕ್ ದೇಹಕ್ಕೆ ಸೇರುವ ಕಡೆಯ ಫ್ರೆಟ್‌ನಲ್ಲಿ ಒತ್ತಿ ಹಿಡಿಯಿರಿ. ಈಗ ತಂತಿಯೇ ನಿಮ್ಮ ನೇರ ಪಟ್ಟಿ. 8ನೇ ಫ್ರೆಟ್‌ನ ನೆತ್ತಿಗೂ ತಂತಿಯ ಕೆಳಗೂ ನಡುವೆ ಫಿಲ್ಲರ್ ಗೇಜ್ ತೂರಿಸಿ. 0.30ರಿಂದ 0.35 ಮಿಲಿಮೀಟರ್ ಎಲೆ ತಂತಿಯನ್ನು ಎತ್ತದೆ ಒಳಗೆ ಹೋದರೆ ನೆಕ್ ಸರಿ ಇದೆ. ರಾಡ್ ಗೊಡವೆಗೆ ಹೋಗಬೇಡಿ. 0.10 ಎಲೆಯೂ ಹೋಗದಿದ್ದರೆ ನೆಕ್ ನೆಟ್ಟಗಾಗಿದೆ. 0.60 ಸಲೀಸಾಗಿ ಹೋದರೆ ಬಾಗು ಜಾಸ್ತಿ.

ಸ್ಕ್ರೂ ಮುಖ ನಿಮ್ಮ ಕಡೆ ಇರುವಂತೆ ನೋಡಿದಾಗ ಬಲಕ್ಕೆ ತಿರುಗಿಸಿದರೆ ರಾಡ್ ಬಿಗಿಯಾಗಿ ನೆಕ್ ನೆಟ್ಟಗಾಗುತ್ತದೆ. ಎಡಕ್ಕೆ ತಿರುಗಿಸಿದರೆ ಸಡಿಲವಾಗಿ ಬಾಗು ಹೆಚ್ಚುತ್ತದೆ. ಸಪೂರ ತಂತಿ ಹಾಕಿ ಮೊದಲ ಫ್ರೆಟ್‌ಗಳಲ್ಲಿ ಝರ್ ಬಂದವರು ಎಡಕ್ಕೆ ಹೋಗಬೇಕು. ಬಿಗಿ ಮಾಡಿದರೆ ಎಲ್ಲ ಸರಿಯಾಗುತ್ತದೆ ಅಂತ ಬಲಕ್ಕೆ ತಿರುಗಿಸುವವರೇ ಜಾಸ್ತಿ, ಅದರಿಂದ ಝರ್ ಇನ್ನೂ ಏರುತ್ತದೆ. ಒಂದು ಸಲಕ್ಕೆ ಕಾಲು ಸುತ್ತಿಗಿಂತ ಜಾಸ್ತಿ ಬೇಡ. ಹಳೆ ನೆಕ್‌ಗೆ ಅದರ ಅರ್ಧ ಸಾಕು. ಬಿಗಿ ಮಾಡುವ ಮುಂಚೆ ತಂತಿಗಳನ್ನು ಸ್ವಲ್ಪ ಸಡಿಲ ಮಾಡಿಕೊಳ್ಳಿ. ತಿರುಗಿಸಿದ ಮೇಲೆ ಮತ್ತೆ ಶ್ರುತಿ, ಮತ್ತೆ ಅಳತೆ. ಸಾಧ್ಯವಾದರೆ ಮರುದಿನ ಇನ್ನೊಮ್ಮೆ ನೋಡಿ.

ಅಲೆನ್ ಕೀ ಎರಡು ಸೆಟ್ ಬೇಕು ಅಂದೆನಲ್ಲ, ಅದು ಇಲ್ಲಿಗೆ. ಅಮೆರಿಕದ ಅಳತೆಯ ಬೇಸ್‌ಗಳಲ್ಲಿ 3/16 ಇಂಚಿನ ಕೀ ಬೇಕಾಗುತ್ತದೆ. ಅಂದರೆ 4.76 ಮಿಲಿಮೀಟರ್. ಅದಕ್ಕೆ 5ರ ಕೀ ಹೋಗುವುದಿಲ್ಲ, 4.5ರದ್ದು ಹೋಗಿ ಒಳಗೇ ಜಾರುತ್ತದೆ. ಹಾಗೆ ಜಾರಿದರೆ ಮೂಲೆಗಳು ಸವೆದು ರಾಡ್ ಶಾಶ್ವತವಾಗಿ ಕೈಬಿಡುತ್ತದೆ. ಏಷ್ಯಾದಲ್ಲಿ ತಯಾರಾದ ಬೇಸ್‌ಗಳಲ್ಲಿ 4 ಅಥವಾ 5 ಮಿಲಿಮೀಟರ್ ಸಾಮಾನ್ಯ. ಕೀ ಸಡಿಲ ಇಲ್ಲದೆ ಪೂರ್ತಿ ಒಳಗೆ ಕೂತರೆ ಮಾತ್ರ ತಿರುಗಿಸಿ. ಕೆಲವು ಹಳೆ ಬೇಸ್‌ಗಳಲ್ಲಿ ಈ ಸ್ಕ್ರೂ ನೆಕ್‌ನ ಬುಡದಲ್ಲಿ, ದೇಹದ ಒಳಗೆ ಹುದುಗಿರುತ್ತದೆ. ಪ್ಲಸ್ ಆಕಾರದ ಗೀರು ಇರುತ್ತದೆ. ಅದಕ್ಕೆ ನೆಕ್ ಬಿಚ್ಚಲೇಬೇಕು. ಸಂದಿನಿಂದ ಸ್ಕ್ರೂಡ್ರೈವರ್ ತೂರಿಸಿ ತಿರುಗಿಸಲು ಹೋದವರ ಬೇಸ್‌ಗಳನ್ನು ಅಂಚಿನ ಗಾಯ ನೋಡಿಯೇ ಗುರುತು ಹಿಡಿಯಬಹುದು.

ಇಲ್ಲಿ ಹವೆಯ ವಿಷಯ ಹೇಳಲೇಬೇಕು. ಕಲಬುರಗಿ, ಯಾದಗಿರಿಯಲ್ಲಿ ಏಪ್ರಿಲ್, ಮೇ ಅಂದರೆ 40 ಡಿಗ್ರಿ ದಾಟಿದ ಒಣ ಬಿಸಿಲು. ರಾತ್ರಿಯಾದರೆ ಕಿಟಕಿಗೆ ಕೂಲರ್. ಕೂಲರ್ ತಂಪು ಮಾಡುವುದು ನೀರನ್ನು ಆವಿ ಮಾಡಿ. ಅಂದರೆ ಕೋಣೆಗೆ ರಾತ್ರಿಯಿಡೀ ಹಸಿ ಗಾಳಿ ಬೀಸುತ್ತದೆ. ಬೆಳಿಗ್ಗೆ ಕೂಲರ್ ಆಫ್, ಮಧ್ಯಾಹ್ನ ಶಹಾಬಾದ್ ಕಲ್ಲಿನ ಗೋಡೆ ಕಾದು ಮತ್ತೆ ಒಣ. ಆ ಕೋಣೆಯ ಮೂಲೆಯಲ್ಲಿ ಒರಗಿಸಿಟ್ಟ ಬೇಸ್‌ನ ನೆಕ್ ದಿನಾ ಹಿಗ್ಗಿ ಕುಗ್ಗುತ್ತದೆ. ರಾತ್ರಿ ಅಳೆದರೆ ಒಂದು ಲೆಕ್ಕ, ಮಧ್ಯಾಹ್ನ ಅಳೆದರೆ ಇನ್ನೊಂದು. "ನಿನ್ನೆ ಸರಿ ಮಾಡಿದ್ದೆ, ಇವತ್ತು ಮತ್ತೆ ಕೆಟ್ಟಿದೆ" ಅನ್ನುವವರಿಗೆ ನಾನು ಕೇಳುವ ಮೊದಲ ಪ್ರಶ್ನೆ ಬೇಸ್ ಎಲ್ಲಿಟ್ಟಿದ್ದೀರಿ ಅಂತ. ಕೂಲರ್ ಗಾಳಿಗೆ ಎದುರಾಗಿ ಬೇಡ, ಬಿಸಿಲು ತಾಗುವ ಗೋಡೆಗೆ ಬೇಡ, ತಗಡಿನ ಮಾಡಿನ ಸ್ಟೋರ್ ರೂಮ್ ಬೇಡವೇ ಬೇಡ. ಚೀಲದೊಳಗೆ ಹಾಕಿ ಒಳಗೋಣೆಯ ಬೀರು ಪಕ್ಕ ಇಡಿ. ಜಾಗ ಬದಲಿಸಿ ಎರಡು ದಿನ ನೋಡಿದ ಮೇಲೆ ರಾಡ್ ವಿಚಾರ. ಬೀದರ್ ಎತ್ತರದಲ್ಲಿದೆ, ಸ್ವಲ್ಪ ತಂಪು, ಆದರೂ ಬೇಸಿಗೆಯಿಂದ ಮಳೆಗಾಲಕ್ಕೆ ತಿರುಗುವಾಗ ಅಲ್ಲಿಯೂ ಒಮ್ಮೆ ಅಳೆಯುವುದು ಒಳ್ಳೆಯದು.

ಎತ್ತರ ಮತ್ತು ನಟ್

ಬಾಗು ಸರಿಯಾದ ಮೇಲೆ 17ನೇ ಫ್ರೆಟ್ ಮೇಲೆ ಸ್ಕೇಲ್ ನಿಲ್ಲಿಸಿ. ಫ್ರೆಟ್ ನೆತ್ತಿಯಿಂದ ತಂತಿಯ ಕೆಳಭಾಗಕ್ಕೆ ಇ ತಂತಿಯಲ್ಲಿ 2.4 ಮಿಲಿಮೀಟರ್, ಜಿ ತಂತಿಯಲ್ಲಿ 2 ಮಿಲಿಮೀಟರ್ ಇಟ್ಟು ಶುರು ಮಾಡಿ. ಜೋರಾಗಿ ಕಿತ್ತು ನುಡಿಸುವ ಕೈಯಾದರೆ ಇನ್ನೂ ಸ್ವಲ್ಪ ಏರಿಸಿ. ತೆರೆದ ಮೈದಾನದಲ್ಲಿ ನುಡಿಸುವವರ ಕೈ ತಾನಾಗಿ ಜೋರಾಗುತ್ತದೆ. ಮನೆಯಲ್ಲಿ ಮೆತ್ತಗೆ ನುಡಿಸಿ ಮಾಡಿದ ಸೆಟ್ಟಿಂಗ್ ಗಣೇಶನ ಪೆಂಡಾಲ್‌ನಲ್ಲಿ ಝರ್ ಅನ್ನುವುದು ಇದಕ್ಕೇ.

ಹಳೆ ಸ್ಯಾಡಲ್ ಸ್ಕ್ರೂ ಬೆವರಿಗೆ ತುಕ್ಕು ಹಿಡಿದು ಕೂತಿದ್ದರೆ ಬಲ ಹಾಕಬೇಡಿ. ತುಕ್ಕು ಬಿಡಿಸುವ ಎಣ್ಣೆ ಒಂದು ಹನಿ ಬಿಟ್ಟು ಮರುದಿನ ನೋಡಿ. ಆಗಲೂ ಬಿಡದಿದ್ದರೆ ಸೋಲ್ಡರಿಂಗ್ ಐರನ್ ತುದಿಯನ್ನು ಸ್ಕ್ರೂಗೆ ಸ್ವಲ್ಪ ಹೊತ್ತು ಒತ್ತಿ ಹಿಡಿಯಿರಿ.

ನಟ್ ಪರೀಕ್ಷೆಗೆ ತಂತಿಯನ್ನು 3ನೇ ಫ್ರೆಟ್‌ನಲ್ಲಿ ಒತ್ತಿ, 1ನೇ ಫ್ರೆಟ್ ಮೇಲೆ ನೋಡಿ. ಕೂದಲೆಳೆ ಸಂದು ಕಾಣಬೇಕು. ಸಂದೇ ಇಲ್ಲದಿದ್ದರೆ ಗಾಡಿ ಸವೆದು ಆಳವಾಗಿದೆ, ನಟ್ ಬದಲಿಸುವುದೇ ದಾರಿ. ಹೊಸ ತಂತಿ ದಪ್ಪವಾಗಿ ಹಳೆ ಗಾಡಿಯಲ್ಲಿ ಕೂರದೆ ಮೇಲೇ ನಿಂತಿದ್ದರೆ ಶ್ರುತಿ ಮಾಡುವಾಗ ಟಿಂಗ್ ಅನ್ನುತ್ತದೆ, ಶ್ರುತಿ ಜಿಗಿಯುತ್ತದೆ. ಆ ಗಾಡಿಯನ್ನು ಅಗಲ ಮಾಡಬೇಕು, ಆಳ ಮಾಡಬಾರದು. ಕೈ ಪಳಗದಿದ್ದರೆ ಇದನ್ನು ಬಿಟ್ಟುಬಿಡಿ. ಪೆನ್ಸಿಲ್ ಸೀಸದ ಪುಡಿ ಉಜ್ಜಿದರೆ ಸಣ್ಣಪುಟ್ಟ ಅಂಟು ಹೋಗುತ್ತದೆ.

ಶ್ರುತಿ ಸರಿ ಇದ್ದೂ ಮೇಲೆ ಹೋದರೆ ಬೇಸುರ

ಖಾಲಿ ತಂತಿಯ ಶ್ರುತಿ ಸರಿ, 12ರ ಹತ್ತಿರ ಹೋದರೆ ಕೀಬೋರ್ಡ್ ಜೊತೆ ಕೂಡುವುದಿಲ್ಲ. ಇದು ಇಂಟೊನೇಶನ್. 12ನೇ ಫ್ರೆಟ್‌ನ ನೇರ ಮೇಲೆ ತಂತಿಯನ್ನು ಒತ್ತದೆ ಮುಟ್ಟಿ ಹಾರ್ಮೋನಿಕ್ ನುಡಿಸಿ, ಟ್ಯೂನರ್‌ನಲ್ಲಿ ಸರಿ ಮಾಡಿಕೊಳ್ಳಿ. ಆಮೇಲೆ ಅದೇ ಫ್ರೆಟ್ ಒತ್ತಿ ನುಡಿಸಿ. ಒತ್ತಿದ್ದು ಏರಿದ್ದರೆ ಸ್ಯಾಡಲ್ ಹಿಂದಕ್ಕೆ, ಇಳಿದಿದ್ದರೆ ಮುಂದಕ್ಕೆ, ನೆಕ್ ಕಡೆಗೆ. ಪ್ರತಿ ಸಲ ಸರಿಸಿದ ಮೇಲೆ ಮತ್ತೆ ಶ್ರುತಿ ಮಾಡಿಯೇ ನೋಡಬೇಕು. ಮಾಮೂಲಾಗಿ ಇ ಸ್ಯಾಡಲ್ ಎಲ್ಲಕ್ಕಿಂತ ಹಿಂದೆ, ಜಿ ಎಲ್ಲಕ್ಕಿಂತ ಮುಂದೆ ಬರುತ್ತದೆ. ನಿಮ್ಮದು ಉಲ್ಟಾ ಕಂಡರೆ ತಂತಿಯೇ ಕೆಟ್ಟಿರಬಹುದು.

ಫೋನ್ ಆ್ಯಪ್ ನಂಬಿ ಕೂರಬೇಡಿ. ಖಾಲಿ ಇ ತಂತಿಯ ಸ್ವರ 41.2 ಹರ್ಟ್ಜ್. ಫೋನ್ ಮೈಕ್ ಮಾತಿಗೆ ಮಾಡಿದ್ದು, ಅಷ್ಟು ತಗ್ಗಿನ ಸ್ವರ ಅದಕ್ಕೆ ಸರಿಯಾಗಿ ಕೇಳುವುದಿಲ್ಲ. ಮುಳ್ಳು ಕುಣಿಯುತ್ತಲೇ ಇರುತ್ತದೆ. ಕ್ಲಿಪ್ ಟ್ಯೂನರ್ ಇಲ್ಲದಿದ್ದರೆ 12ನೇ ಫ್ರೆಟ್‌ನ ಹಾರ್ಮೋನಿಕ್‌ನಿಂದ ಶ್ರುತಿ ಮಾಡಿ. ಅದು ಇಮ್ಮಡಿ, 82.4 ಹರ್ಟ್ಜ್, ಫೋನ್ ಹಿಡಿಯುತ್ತದೆ.

ಸ್ಯಾಡಲ್ ಎಷ್ಟು ಸರಿಸಿದರೂ ಮುಳ್ಳು ನಿಲ್ಲುತ್ತಿಲ್ಲ, ಸ್ವರ ಅಲೆಅಲೆಯಾಗಿ ಕೇಳುತ್ತಿದೆ ಅಂದರೆ ಪಿಕಪ್ ನೋಡಿ. ಪಿಕಪ್ ತಂತಿಗೆ ತೀರಾ ಹತ್ತಿರ ಇದ್ದರೆ ಒಳಗಿನ ಅಯಸ್ಕಾಂತ ತಂತಿಯನ್ನು ಎಳೆದು ಅದರ ಅದುರುವಿಕೆ ಕೆಡಿಸುತ್ತದೆ. ಕಡೆಯ ಫ್ರೆಟ್ ಒತ್ತಿ ಹಿಡಿದು, ಇ ತಂತಿಗೂ ಪಿಕಪ್‌ಗೂ 2.8 ಮಿಲಿಮೀಟರ್, ಜಿ ತಂತಿಗೆ 2 ಮಿಲಿಮೀಟರ್ ಆಸುಪಾಸು ಬಿಡಿ.

ನೆಕ್ ಹಿಡಿದ ನಾಲ್ಕು ಸ್ಕ್ರೂ ಸಡಿಲವಾಗಿ ನೆಕ್ ಪಕ್ಕಕ್ಕೆ ಸರಿದಿದ್ದರೂ ಶ್ರುತಿ ನಿಲ್ಲುವುದಿಲ್ಲ. ಆಗ ಜಿ ಅಥವಾ ಇ ತಂತಿ ನೆಕ್‌ನ ಅಂಚಿಗೆ ಬಂದು, ಒತ್ತಿದರೆ ಜಾರಿ ಬೀಳುವಂತಿರುತ್ತದೆ. ಸ್ಕ್ರೂ ಅರ್ಧ ಸುತ್ತು ಬಿಟ್ಟು, ನೆಕ್ ಅನ್ನು ನಡುವಿಗೆ ತಂದು, ಮತ್ತೆ ಬಿಗಿ ಮಾಡಿ.

ಗುಂಯ್ ಸದ್ದು ಬಂದರೆ, ಜುಮ್ ಅಂದರೆ

ತಂತಿ ಬದಲಿಸುವಾಗ ಬ್ರಿಡ್ಜ್ ಬಿಚ್ಚಿ ಒರೆಸಿದ್ದೀರಾ? ಹಾಗಾದರೆ ಅದರ ಕೆಳಗೆ ಒಂದು ವೈರ್ ತುದಿ ಇತ್ತು, ನೋಡಿರಲಿಕ್ಕಿಲ್ಲ. ಬ್ರಿಡ್ಜ್ ಅದರ ಮೇಲೆ ಒತ್ತಿ ಕೂರಬೇಕು. ಆ ವೈರ್ ತಂತಿಗಳನ್ನು ಗ್ರೌಂಡ್‌ಗೆ ಸೇರಿಸುತ್ತದೆ. ಮಲ್ಟಿಮೀಟರ್ ಅನ್ನು ಬೀಪ್‌ಗೆ ಇಟ್ಟು ಒಂದು ಕಡ್ಡಿ ಬ್ರಿಡ್ಜ್‌ಗೆ, ಇನ್ನೊಂದು ಜಾಕ್‌ನ ಹೊರ ಲೋಹಕ್ಕೆ ತಾಗಿಸಿ. ಬೀಪ್ ಬಂದರೆ ವೈರ್ ಸರಿ ಇದೆ. ತಂತಿ ಮುಟ್ಟಿದಾಗ ಗುಂಯ್ ಕಮ್ಮಿಯಾದರೆ ಹಳೆ ಬೇಸ್‌ಗೆ ಅದು ಸಹಜ. ಮುಟ್ಟಿದರೆ ಜಾಸ್ತಿಯಾದರೆ ಜಾಕ್‌ನ ಎರಡು ವೈರ್ ಅದಲುಬದಲಾಗಿರಬಹುದು.

ಒಳಗೆ 9 ವೋಲ್ಟ್ ಬ್ಯಾಟರಿ ಇರುವ ಬೇಸ್ ಆಗಿದ್ದು, ಸದ್ದು ಒಡೆದ ಹಾಗೆ ಬಂದರೆ ಮೊದಲು ಬ್ಯಾಟರಿ ಬದಲಿಸಿ. ಕೇಬಲ್ ಸಿಕ್ಕಿಸಿಯೇ ಇಟ್ಟರೆ ನುಡಿಸದಿದ್ದರೂ ಬ್ಯಾಟರಿ ಖರ್ಚಾಗುತ್ತದೆ. ತಂತಿ ಬದಲಿಸಿ ಶ್ರುತಿ ಮಾಡುತ್ತಾ ಗಂಟೆಗಟ್ಟಲೆ ಕೂತಾಗ ಅದೇ ಆಗಿರಲೂಬಹುದು.

ಪೆಂಡಾಲ್‌ನಲ್ಲಿ ತಂತಿ ಹಿಡಿದು ಮೈಕ್‌ಗೆ ತುಟಿ ತಾಗಿದಾಗ ಜುಮ್ ಅಂದರೆ ಅದು ಬೇಸ್‌ನ ದೋಷ ಅಲ್ಲ, ಅರ್ಥಿಂಗ್‌ನ ದೋಷ. ನುಡಿಸುವುದನ್ನು ತಕ್ಷಣ ನಿಲ್ಲಿಸಿ. ಮೈಕ್ ಜಾಲರಿಗೂ ತಂತಿಗೂ ಟೆಸ್ಟರ್ ಇಟ್ಟು ನೋಡಿ, ದೀಪ ಹತ್ತಲಿ, ಹತ್ತದಿರಲಿ, ಲೈಟಿನವರನ್ನು ಕರೆಯಿರಿ. ಆಂಪ್ ಮತ್ತು ಮಿಕ್ಸರ್ ಎರಡಕ್ಕೂ ಅರ್ಥಿಂಗ್ ಸರಿ ಇರುವ ಒಂದೇ ಬೋರ್ಡ್‌ನಿಂದ ಕರೆಂಟ್ ಕೊಡಬೇಕು. ಬೋರ್ಡ್‌ಗೆ ಹೋಗಲ್ಲ ಅಂತ ಪ್ಲಗ್‌ನ ಮೂರನೇ ಪಿನ್ ಮುರಿದು ಹಾಕುವ ಚಾಳಿ ನಮ್ಮಲ್ಲಿ ಬಹಳ. ಇದರಲ್ಲಿ ಜೀವ ಹೋಗುತ್ತದೆ, ತಮಾಷೆ ಅಲ್ಲ. ತಂತಿಯಿಂದ ಗ್ರೌಂಡ್ ವೈರ್ ಕಿತ್ತುಹಾಕುವುದೂ ಇದಕ್ಕೆ ಪರಿಹಾರ ಅಲ್ಲ.

ಮನೆಯಲ್ಲಿ ಆಗದ ಕೆಲಸ

ರಾಡ್ ಕೊನೆಯವರೆಗೆ ಬಿಗಿಯಾಗಿದ್ದೂ ಬಾಗು ಹೋಗದಿದ್ದರೆ, ರಾಡ್ ಎರಡೂ ಕಡೆ ಸುಮ್ನೆ ತಿರುಗುತ್ತಿದ್ದರೆ, ಹೆಡ್ ಕಡೆಯಿಂದ ಒಂದು ಕಣ್ಣು ಮುಚ್ಚಿ ನೋಡಿದಾಗ ನೆಕ್ ಹಗ್ಗದ ಹಾಗೆ ಹುರಿಗೊಂಡಿದ್ದರೆ, ಫ್ರೆಟ್‌ಗಳು ಅಲ್ಲಲ್ಲಿ ಕುಳಿ ಬಿದ್ದಿದ್ದರೆ ಕೈ ಬಿಡಿ. ಇವು ಗಿಟಾರ್ ರಿಪೇರಿಯನ್ನೇ ಕಸುಬು ಮಾಡಿಕೊಂಡವರ ಕೆಲಸ. ನಮ್ಮ ಭಾಗದವರಿಗೆ ಹತ್ತಿರ ಅಂದರೆ ಹೈದರಾಬಾದ್. ಹೋಗುವ ಮುಂಚೆ ಬೇಸ್‌ನ ಬೆಲೆಗೂ ಫ್ರೆಟ್ ಕೆಲಸದ ಖರ್ಚಿಗೂ ತಾಳೆ ಹಾಕಿ ನೋಡಿ. ಅಗ್ಗದ ಪ್ಲೈವುಡ್ ಬೇಸ್‌ಗೆ ಹೊಸ ಫ್ರೆಟ್ ಹಾಕಿಸುವುದಕ್ಕಿಂತ ಅದಕ್ಕೆ ಸಪೂರ ತಂತಿ ಹಾಕಿ, ಎತ್ತರ ಏರಿಸಿ, ಇದ್ದಷ್ಟು ದಿನ ನುಡಿಸುವುದೇ ಮೇಲು ಅನ್ನೋದು ನನ್ನ ಅಭಿಪ್ರಾಯ.

ಕಳಿಸುವುದಾದರೆ ಝರ್ ಗುರುತು ಹಾಕಿದ ಆ ಕಾಗದವನ್ನು ಜೊತೆಗೆ ಇಡಿ. ಯಾವ ತಂತಿ ಯಾವ ಫ್ರೆಟ್‌ನಲ್ಲಿ ಝರ್ ಅನ್ನುತ್ತದೆ, 8ನೇ ಫ್ರೆಟ್‌ನಲ್ಲಿ ಬಾಗು ಎಷ್ಟು ಬಂತು, 17ರಲ್ಲಿ ಎತ್ತರ ಎಷ್ಟು, ತಂತಿಯ ಸೆಟ್ ಯಾವುದು, ಯಾವ ಶ್ರುತಿಯಲ್ಲಿ ನುಡಿಸುತ್ತೀರಿ. ರಾಡ್ ಎಷ್ಟು ಸುತ್ತು ಯಾವ ಕಡೆ ತಿರುಗಿಸಿದ್ದೀರಿ ಅನ್ನೋದನ್ನೂ ಬರೆಯಿರಿ, ಮುಚ್ಚಿಡಬೇಡಿ. ಬಸ್ಸಿನಲ್ಲಿ ಒಯ್ಯುವಾಗ ತಂತಿಗಳನ್ನು ಸ್ವಲ್ಪ ಸಡಿಲ ಮಾಡಿ. ಡಿಕ್ಕಿಯಲ್ಲಿ ಹಾಕಲು ಬಿಡದೆ ಸೀಟಿನ ಪಕ್ಕದಲ್ಲೇ ನಿಲ್ಲಿಸಿಕೊಳ್ಳಿ.